ಹೊಸ ಸ್ಟಾರ್ಟಪ್ ಮೊದಲು ಯಾರ ಕಡೆ ನೋಡಬೇಕು: ಪೈಪೋಟಿಯವರನ್ನಾ, ಗ್ರಾಹಕರನ್ನಾ?

ದಾವಣಗೆರೆಯಲ್ಲಿ ಮೆಕ್ಕೆಜೋಳದ ರೈತರಿಗೆ ಆ್ಯಪ್ ಮಾಡುತ್ತಿದ್ದೀರಿ, ಬೇರೆ ಆ್ಯಪ್‌ಗಳಲ್ಲಿ ಇರುವುದೆಲ್ಲ ನಮ್ಮಲ್ಲೂ ಇರಬೇಕಾ ಅಂತ ಕೇಳಿದ್ದೀರಿ. ಬೇಡ. ಮೊದಲು ಎರಡು ವಾರ ಎಪಿಎಂಸಿಗೆ ಹೋಗಿ ನಿಂತುಕೊಳ್ಳಿ.

ರೈತ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ. ವ್ಯಾಪಾರಿ ಒಂದು ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಚ್ಚಿ, 'ಇನ್ನೂ ಹಸಿ ಐತೆ' ಅನ್ನುತ್ತಾನೆ. ರೇಟು ಅಲ್ಲೇ ಇಳಿಯುತ್ತದೆ. ಬೆಂಬಲ ಬೆಲೆ ಖರೀದಿಗೂ ತೇವಾಂಶ ಶೇ. 14 ಮೀರಬಾರದು. ಅಂದರೆ ರೈತನಿಗೆ ಬರೀ ಇವತ್ತಿನ ದರ ಗೊತ್ತಾದರೆ ಸಾಲದು. ಮನೆ ಬಿಡುವ ಮುಂಚೆಯೇ ತನ್ನ ಕಾಳು ಎಷ್ಟು ಒಣಗಿದೆ ಅಂತ ಗೊತ್ತಾಗಬೇಕು, ಅಲ್ವಾ? ಪೈಪೋಟಿಯವರ ಆ್ಯಪ್ ಎಷ್ಟು ತಿರುವಿ ಹಾಕಿದರೂ ಇದು ಕಾಣುವುದಿಲ್ಲ.

ಹಾಗಾಗಿ ಒಂದೇ ಕೆಲಸ ಹಿಡಿಯಿರಿ. ಅಮೆಜಾನ್ ಕೂಡ 1995ರಲ್ಲಿ ಬಾಗಿಲು ತೆರೆದಾಗ ಮಾರಿದ್ದು ಪುಸ್ತಕ ಮಾತ್ರ. ನಮ್ಮ ಬೆಣ್ಣೆ ದೋಸೆ ಹೋಟೆಲ್‌ಗಳ ಮೆನುವೂ ಜಾಸ್ತಿ ಉದ್ದ ಇರುವುದಿಲ್ಲ.

ಪೈಪೋಟಿಯವರನ್ನು ಪೂರ್ತಿ ಮರೆಯಬೇಡಿ, ಬೆಲೆ ಇಡುವಾಗ ಬೇಕಾಗುತ್ತದೆ. ಆದರೆ ಮೊದಲು ಹತ್ತು ಜನ ರೈತರು ದುಡ್ಡು ಕೊಟ್ಟು ಬಳಸಲಿ. ಎರಡನೇ ಫೀಚರ್ ಯಾವುದು ಅಂತ ಅವರನ್ನೇ ಕೇಳಿ.