ಹೊಸ ಗ್ರಾಫಿಕ್ಸ್ ಕಾರ್ಡ್ ಬೇಡ, ಮೊದಲು ರ‍್ಯಾಮ್ ಯಾವ ಸ್ಲಾಟ್‌ನಲ್ಲಿದೆ ನೋಡಿ

ಸೈಬರ್‌ಪಂಕ್ 2077ರಲ್ಲಿ ನೈಟ್ ಸಿಟಿ ಒಳಗೆ ಕಾಲಿಟ್ಟ ಕೂಡಲೇ ಗೇಮ್ ತಡವರಿಸುತ್ತದೆ, ಸೆಟ್ಟಿಂಗ್ಸ್ ಎಲ್ಲಾ ಲೋಗೆ ಇಳಿಸಿದರೂ ಅಷ್ಟೇ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದನ್ನೂ ತಗೊಳ್ಳಬೇಡಿ. ನಾನು ತಗೊಂಡು ನೋಡಿದ್ದೇನೆ.

ನನ್ನದು ರೈಜೆನ್ 5 3600 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಇತ್ತು. ಊರಾಚೆ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಗೇಮ್ ಆರಾಮಾಗಿ ಓಡುತ್ತಿತ್ತು. ಜಪಾನ್‌ಟೌನ್ ಮಾರ್ಕೆಟ್‌ಗೆ ಬಂದರೆ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್, 42, 43. ಜನ ಜಾಸ್ತಿ ಇರುವ ಕಡೆ ಕ್ಯಾಮೆರಾ ತಿರುಗಿಸಿದರೆ ಒಂದು ಕ್ಷಣ ನಿಂತೇಬಿಡುತ್ತಿತ್ತು. ಕಾರ್ಡ್ ಹಳೇದಾಯ್ತು ಅಂದುಕೊಂಡೆ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಆರ್‌ಟಿಎಕ್ಸ್ 3060 ಟಿಐ ತಂದು ಹಾಕಿ, ಅದೇ ಮಾರ್ಕೆಟ್‌ಗೆ ಓಡಿದೆ. 44. ಆ ನಂಬರ್ ನೋಡಿ ಎಷ್ಟು ಹೊಟ್ಟೆ ಉರಿಯಿತು ಅಂತ ಹೇಳೋಕಾಗಲ್ಲ.

ಆಮೇಲೆ ಕಾರ್ಡ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಕಾರ್ಡ್ ಬಳಕೆ 50 ಪರ್ಸೆಂಟ್ ಆಸುಪಾಸು. ಅಂದರೆ ಕಾರ್ಡ್‌ಗೆ ಕೆಲಸವೇ ಸಿಗುತ್ತಿರಲಿಲ್ಲ, ಪ್ರೊಸೆಸರ್ ಮುಂದಿನ ಫ್ರೇಮ್ ಕೊಡಲಿ ಅಂತ ಕಾಯುತ್ತಾ ಕೂತಿತ್ತು. ಇದನ್ನು ಹಳೇ ಕಾರ್ಡ್ ಇದ್ದಾಗಲೇ ನೋಡಬೇಕಿತ್ತು.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹೊರಗಿಂದ ಎಲ್ಲಾ ಸರಿಯಾಗೇ ಕಾಣುತ್ತದೆ. ಪಿಸಿ ಜೋಡಿಸುವಾಗ ಎರಡೂ ಸ್ಟಿಕ್‌ಗಳನ್ನು ಪಕ್ಕಪಕ್ಕದ ಸ್ಲಾಟ್‌ಗಳಿಗೆ ಹಾಕಿದ್ದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ, ನಾಲ್ಕರಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿದೆ ಅಂತ ತೋರಿಸುತ್ತಿತ್ತು. ಇನ್ನೇನು ಬೇಕು? ಆದರೆ ಪಕ್ಕಪಕ್ಕದ ಆ ಎರಡು ಸ್ಲಾಟ್ ಒಂದೇ ಚಾನೆಲ್‌ಗೆ, ಅಂದರೆ ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ ಡೇಟಾ ಓಡಾಡುವ ಒಂದೇ ದಾರಿಗೆ ಸೇರಿದ್ದು. ಎರಡು ಸ್ಟಿಕ್ ಇದ್ದರೂ ದಾರಿ ಒಂದೇ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇದು ಮತ್ತು ನಾಲ್ಕನೇದಕ್ಕೆ, ಅಂದರೆ ಎ2 ಮತ್ತು ಬಿ2ಗೆ ಹಾಕಬೇಕಿತ್ತು. ಇದು ಸಾಲದು ಅಂತ ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಮಾಡಿರಲಿಲ್ಲ. ಹಾಗಾಗಿ ಡಬ್ಬದ ಮೇಲೆ 3200 ಅಂತ ಬರೆದಿದ್ದ ರ‍್ಯಾಮ್ 2133ರಲ್ಲೇ ಓಡುತ್ತಿತ್ತು. ಲೆಕ್ಕ ಹಾಕಿ: 3200ರಲ್ಲಿ ಎರಡು ಚಾನೆಲ್ ಅಂದರೆ ಸೆಕೆಂಡಿಗೆ 51.2 ಜಿಬಿ, 2133ರಲ್ಲಿ ಒಂದೇ ಚಾನೆಲ್ ಅಂದರೆ ಸುಮಾರು 17. ಮೂರರಲ್ಲಿ ಒಂದು ಪಾಲು! ಅದರ ಮೇಲೆ ರೈಜೆನ್ 3000 ಪ್ರೊಸೆಸರ್‌ಗಳ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಸಾಮಾನ್ಯವಾಗಿ ರ‍್ಯಾಮ್ ವೇಗಕ್ಕೆ ಹೊಂದಿಕೊಂಡೇ ಓಡುವುದು, ಅದೂ ನಿಧಾನವಾಗಿತ್ತು. ರಸ್ತೆ ತುಂಬಾ ಜನ, ಗಾಡಿ ಇದ್ದಾಗ ಪ್ರೊಸೆಸರ್ ಪದೇ ಪದೇ ರ‍್ಯಾಮ್ ಕಡೆ ಹೋಗಬೇಕಲ್ವಾ, ಅಲ್ಲೇ ಉಸಿರು ಕಟ್ಟುತ್ತಿತ್ತು.

ಸ್ಟಿಕ್ ಕಿತ್ತು ಸರಿಯಾದ ಸ್ಲಾಟ್‌ಗೆ ಒತ್ತಿದೆ, ಟಕ್ ಅಂತ ಕೂತಿತು. ಎಕ್ಸ್‌ಎಂಪಿ ಆನ್ ಮಾಡಿದೆ. ಹತ್ತು ನಿಮಿಷದ ಕೆಲಸ. ಅದೇ ಮಾರ್ಕೆಟ್‌ನಲ್ಲಿ 61 ಬಂತು, ನಿಂತು ನಿಂತು ಓಡುವುದು ಹೆಚ್ಚುಕಮ್ಮಿ ಹೋಯಿತು.

ನಿಮ್ಮದೂ ಇದೇ ಅಂತ ಆಣೆ ಮಾಡಲ್ಲ. ಆದರೆ ಸೆಟ್ಟಿಂಗ್ಸ್ ಇಳಿಸಿದರೂ ಎಫ್‌ಪಿಎಸ್ ಏರಲಿಲ್ಲ ಅಂತ ನೀವೇ ಬರೆದಿದ್ದೀರಿ. ರೆಸಲ್ಯೂಷನ್ ಕೂಡ 720ಕ್ಕೆ ಇಳಿಸಿ ನೋಡಿ, ಆಗಲೂ ಕದಲದಿದ್ದರೆ ಅಡ್ಡ ನಿಂತಿರುವುದು ಕಾರ್ಡ್ ಅಲ್ಲ. ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವ ಆಯ್ಕೆ) ಕ್ವಾಲಿಟಿ ಬದಲಿಸಿದರೂ ಅಲ್ಲಿ ಉಪಯೋಗ ಆಗಲ್ಲ, ಅದು ಹಗುರ ಮಾಡುವುದು ಕಾರ್ಡ್‌ನ ಹೊರೆಯನ್ನು. ಕ್ರೌಡ್ ಡೆನ್ಸಿಟಿ, ಅಂದರೆ ಬೀದಿಯಲ್ಲಿ ಎಷ್ಟು ಜನ ಇರಬೇಕು ಅನ್ನೋ ಸೆಟ್ಟಿಂಗ್, ಲೋ ಮಾಡಿ, ಅದು ಪ್ರೊಸೆಸರ್ ಮೇಲಿನ ಭಾರ ಇಳಿಸುತ್ತದೆ. ಗೇಮ್ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಹಾಕಿ, 2023ರ 2.0 ಅಪ್‌ಡೇಟ್‌ನಿಂದ ಕನಿಷ್ಠ ಬೇಕಾದ್ದರ ಪಟ್ಟಿಯಲ್ಲೇ ಎಸ್‌ಎಸ್‌ಡಿ ಇದೆ. ರಿಜಿಸ್ಟ್ರಿ ಟ್ವೀಕು, ಗೇಮ್ ಬೂಸ್ಟರ್ ಇವನ್ನೆಲ್ಲ ದಯವಿಟ್ಟು ಮುಟ್ಟಬೇಡಿ, ನಾನು ಎರಡು ವಾರ ಸುಮ್ನೆ ಹಾಳು ಮಾಡಿಕೊಂಡೆ.

ಇವತ್ತೇ ಪಿಸಿಯ ಪ್ರೊಸೆಸರ್, ರ‍್ಯಾಮ್ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಮೆಮೊರಿ ಟ್ಯಾಬ್ ನೋಡಿ. ಅಲ್ಲಿ ರ‍್ಯಾಮ್ ವೇಗದ ಅರ್ಧ ತೋರಿಸುತ್ತದೆ, 3200 ಇದ್ದರೆ 1600 ಸುಮಾರು ಬರಬೇಕು. ನನಗೆ 1066 ಅಂತಿತ್ತು, ಅಲ್ಲೇ ಸಿಂಗಲ್, ಅಂದರೆ ಒಂದೇ ಚಾನೆಲ್, ಅಂತಲೂ ಇತ್ತು. ನಿಮಗೆ ಏನು ಬಂತು ಅಂತ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.