ಅಜ್ಜನ ಡೈರಿ ಸ್ಕ್ಯಾನ್‌ನಲ್ಲಿ ಅಕ್ಷರ ಕಲಸಿ ಬರ್ತಿರೋದಕ್ಕೆ

ಹಿಂದಿನ ಮಗ್ಗುಲಿನ ಶಾಯಿ ಈಚೆಗೆ ಕಾಣ್ತಿರೋದೇ ಬಹುಶಃ ಕಾರಣ, ಜೊತೆಗೆ ಕೂಡಿಸಿ ಬರೆದ ಒತ್ತಕ್ಷರ ಫೋಟೋದಿಂದ ಅಕ್ಷರ ಓದೋ ಆ್ಯಪ್‌ಗಳಿಗೆ ಸರಿಯಾಗಿ ಸಿಗಲ್ಲ. ಮೊದ್ಲು ಪ್ರತಿ ಹಾಳೆ ಕೆಳಗೆ ಕಪ್ಪು ಕಾಗದ ಇಟ್ಟು ಕಿಟಕಿ ಬೆಳಕಲ್ಲಿ ಫ್ಲ್ಯಾಶ್ ಇಲ್ದೆ ಫೋಟೋ ತೆಗೀರಿ, ಪುಟದ ನಂಬರನ್ನೇ ಫೈಲಿಗೆ ಹೆಸರಿಡಿ. ಆಮೇಲೆ ಕೈಯಲ್ಲೇ ಟೈಪ್ ಮಾಡೋದು ವಾಸಿ. ಕಾಗುಣಿತ ಮಾತ್ರ ದಯವಿಟ್ಟು ತಿದ್ದಬೇಡಿ, ಅವ್ರು ಬರೆದಂಗೇ ಇರ್ಲಿ, ಅನುಮಾನ ಇರೋ ಪದದ ಪಕ್ಕ [?] ಹಾಕಿ ಮುಂದೆ ಹೋಗಿ.

ಡೈರಿಲಿರೋ 'ಪಾರ್ಥಿವ ಸಂ. ಶ್ರಾವಣ ಶು. ೫' (ಶ್ರಾವಣ ಶುದ್ಧ ಪಂಚಮಿ) ಯಾವ ತಾರೀಖು ಅಂತ ಕೇಳಿದ್ರಲ್ಲ, ಪಾರ್ಥಿವ ಸಂವತ್ಸರ 1945ರ ಯುಗಾದಿಯಿಂದ 1946ರ ಯುಗಾದಿವರೆಗೆ, ಅಂದ್ರೆ ಅದು 1945ರ ನಾಗರಪಂಚಮಿ ದಿನ ಬರೆದಿದ್ದು!

ಸಾಲದ ಲೆಕ್ಕ, ದಾಯಾದಿ ಜಗಳ ಇರೋ ಪುಟಗಳನ್ನ ಮನೆ ಹಿರಿಯರನ್ನ ಕೇಳ್ದೆ ಯಾರಿಗೂ ಕಳಿಸ್ಬೇಡಿ. ಉಳಿದದ್ದನ್ನ ವಾಟ್ಸಾಪಲ್ಲಿ ಫೋಟೋ ಆಗಿ ಹಾಕಿದ್ರೆ ಮಸುಕಾಗತ್ತೆ, ಪಿಡಿಎಫ್ ಮಾಡಿ ಡ್ರೈವ್ ಲಿಂಕ್ ಕೊಡಿ.