ಸಿಂಧನೂರಿನ ಎರೆ ನೆಲಕ್ಕೆ ಕ್ರ್ಯಾಬ್ ಆಪಲ್ ಒಗ್ಗೀತೇ?

ಪ್ರಶ್ನೆ: ಹಿಮಾಚಲದಲ್ಲಿ ನೌಕರಿಯಲ್ಲಿರುವ ನಮ್ಮ ಮಗ ಹೂವಿಗಾಗಿ ಬೆಳೆಸುವ ಕ್ರ್ಯಾಬ್ ಆಪಲ್‌ನ ಕಸಿ ಸಸಿಯೊಂದನ್ನು ತಂದುಕೊಟ್ಟಿದ್ದಾನೆ. ಮನೆಯ ಮುಂದೆ ಸುಮಾರು 20 ಅಡಿ ಜಾಗವಿದೆ. ಎರೆ ಮಣ್ಣು, ಕಾಲುವೆಯ ನೀರು. ಇಲ್ಲಿ ಅದು ಹೂ ಬಿಟ್ಟೀತೇ? ಇಲ್ಲವಾದರೆ ಅಂಥದೇ ಹೂವಿನ ಯಾವ ಗಿಡ ಹಾಕಬೇಕು?
— ಓದುಗರೊಬ್ಬರು, ಸಿಂಧನೂರು

ಉತ್ತರ: ಹೂವಿನ ಆಸೆಯಿಂದ ಅದನ್ನು ಮನೆಯ ಮುಂದೆ ನೆಡಬೇಡಿರಿ. ಕ್ರ್ಯಾಬ್ ಆಪಲ್ ಸೇಬಿನ ಕುಲಕ್ಕೇ ಸೇರಿದ ಮರ; 5 ಸೆಂಟಿಮೀಟರಿಗಿಂತ ಸಣ್ಣ ಕಾಯಿ ಬಿಡುವ ಸೇಬಿನ ಜಾತಿಗಳನ್ನೆಲ್ಲ ಈ ಹೆಸರಿನಿಂದ ಕರೆಯುವುದು ರೂಢಿ. ಹಿಮಾಚಲದ ಬೆಳೆಗಾರರು ಇದನ್ನು ತೋಟದ ನಡುವೆ ಹಾಕುವುದು ಚೆಲುವಿಗಾಗಿ ಅಲ್ಲ, ಸೇಬಿನ ಹೂಗಳಿಗೆ ಪರಾಗ ಒದಗಲೆಂದು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಈ ಮರದ ಮೊಗ್ಗುಗಳು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ನೂರಾರು ಗಂಟೆಗಳ ಕಾಲ ಉಂಡ ಬಳಿಕವೇ ಸರಿಯಾಗಿ ಎಚ್ಚರಗೊಳ್ಳುತ್ತವೆ. ರಾಯಚೂರು ಜಿಲ್ಲೆಯಲ್ಲಿ ಡಿಸೆಂಬರಿನ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ, ಇಲ್ಲಿ ಚಿಗುರು ಒಂದು ಟೊಂಗೆಯಲ್ಲಿ ಬಂದು ಇನ್ನೊಂದರಲ್ಲಿ ಬಾರದೆ, ಹೂವು ಅಲ್ಲೊಂದು ಇಲ್ಲೊಂದು ಕಂಡರೆ ಕಾಣಬಹುದು, ಇಲ್ಲದಿದ್ದರೆ ಅದೂ ಇಲ್ಲ. ಗೊಬ್ಬರ ಹೆಚ್ಚಿಸಿ ಈ ಕೊರತೆ ತುಂಬಲಾಗದು. ಮೇಲಾಗಿ ಇದು ತುಸು ಹುಳಿಯ ಅಂಶವಿರುವ, ನೀರು ಬಸಿಯುವ ಮಣ್ಣನ್ನು ಬಯಸುತ್ತದೆ. ಕ್ಷಾರದ ಎರೆಯಲ್ಲಿ ಕಬ್ಬಿಣದ ಅಂಶ ದಕ್ಕದೆ ಎಲೆಗಳು ಹಳದಿಯಾಗುತ್ತವೆ.

ಗುಲಾಬಿ ಹೂಗೊಂಚಲು ಟೊಂಗೆಯ ಉದ್ದಕ್ಕೂ ಮುತ್ತಿಕೊಳ್ಳುವ ನೋಟವೇ ಬೇಕಾದರೆ ನಮ್ಮ ಕಕ್ಕೆಯ ಬಳಗದ ಕ್ಯಾಸಿಯಾ ಜಾವಾನಿಕಾ ಅದಕ್ಕೆ ತೀರ ಹತ್ತಿರ. ಬೇಸಿಗೆಯ ಬಿಸಿಲಿನಲ್ಲಿಯೇ ಅದು ಅರಳುತ್ತದೆ. ಆದರೆ ಅದು ಹರಡಿಕೊಳ್ಳುವ ದೊಡ್ಡ ಮರವಾದ್ದರಿಂದ ನಿಮ್ಮ 20 ಅಡಿಗೆ ಹಿಡಿಸದು. ನಿಮ್ಮ ಜಾಗಕ್ಕೆ ನಾವು ಸೂಚಿಸುವುದು ನರ್ಸರಿಯವರು ಕ್ರೇಪ್ ಮಿರ್ಟಲ್ ಎನ್ನುವ, ಹೊಳೆದಾಸವಾಳದ ಕುಲದ ಚಿಕ್ಕ ಗಿಡ. 10-15 ಅಡಿಯ ಒಳಗೇ ಅದನ್ನು ಹಿಡಿದಿಡಬಹುದು, ಬಿಸಿಲು ಎಷ್ಟಿದ್ದರೂ ಅದಕ್ಕೆ ಬೇಕು.

ನೆಡುವಾಗ ಒಂದು ಎಚ್ಚರಿಕೆ. ಎರೆ ನೆಲದಲ್ಲಿ ಆಳದ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬಿದರೆ, ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಬಿಡದೆ ಗುಂಡಿ ನೀರಿನ ತೊಟ್ಟಿಯಂತಾಗಿ ಬೇರು ಕೊಳೆಯುತ್ತದೆ. ಅದರ ಬದಲು ಕೆಂಪು ಮಣ್ಣು, ಗರಸು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದು ಅಡಿ ಎತ್ತರದ ಅಗಲ ದಿಬ್ಬ ಮಾಡಿ, ಅದರ ಮೇಲೆ ನೆಡಿರಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಡದಂತೆ ಬುಡದ ಸುತ್ತ ನೆಲ್ಲುಹುಲ್ಲು ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿರಿ. ಹೂವು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ ಸಂಕ್ರಾಂತಿಯ ನಂತರ, ಚಿಗುರುವ ಮುನ್ನ, ಸವರಬೇಕು.

ಮಗ ತಂದ ಸಸಿಯನ್ನು ಎಸೆಯಬೇಕಾಗಿಲ್ಲ. ದೊಡ್ಡ ಮಣ್ಣಿನ ಕುಂಡದಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಪೂರ್ವದ ಜಗಲಿಯ ಮೇಲಿಟ್ಟು ಎಲೆಗಾಗಿ ಬೆಳೆಸಬಹುದು.